ಬೋರ್ಡಿನ ಮೇಲರ್ಧ

"ಮೇಡಂ, ಇನ್ನೊಂಚೂರು ಮೇಲೆ ಬರೀರಿ. ಹಿಂದೆ ಕಾಣಲ್ಲ."

ಆಗಸ್ಟ್ ಕೊನೆಯ ವಾರ, ಹತ್ತನೇ ಕ್ಲಾಸು. ಬೋರ್ಡಿನ ಮೇಲೆ ಒಂದು ಲಂಬಕೋನ ತ್ರಿಭುಜ ಬರೆದಿದ್ದೆ. ಬರೆದಿದ್ದು ನನ್ನ ಸೊಂಟದ ಮಟ್ಟದಲ್ಲಿ. ಮುಂದಿನ ಬೆಂಚಿನವರ ತಲೆ ಅಡ್ಡ ಬಂದು ಹಿಂದಿನವರಿಗೆ ತ್ರಿಭುಜದ ತುದಿ ಮಾತ್ರ ಕಾಣುತ್ತಿತ್ತು. ಆ ಹುಡುಗಿ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸೀಮೆಸುಣ್ಣ ಹಿಡಿದ ಕೈಯನ್ನು ಮೇಲೆತ್ತಲು ನೋಡಿದೆ. ಮೊಣಕೈ ಎದೆಯ ಮಟ್ಟಕ್ಕೆ ಬರುವ ಮೊದಲೇ ನಿಂತುಬಿಟ್ಟಿತು. ಇನ್ನೂ ಎತ್ತಲು ಹೋದರೆ ಕೈ ಏಳಲಿಲ್ಲ, ಭುಜವೇ ಕಿವಿಯ ಕಡೆಗೆ ಎದ್ದಿತು. ಸೀಮೆಸುಣ್ಣವನ್ನು ಅವಳ ಕೈಗೇ ಕೊಟ್ಟು, "ನೀನೇ ಬಂದು ಬರಿಯಮ್ಮ" ಎಂದೆ.

ಹದಿನೆಂಟು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ಬೋರ್ಡಿಗೆ ಮೇಲರ್ಧ ಅಂತ ಒಂದು ಇದೆ, ಅದನ್ನು ಮುಟ್ಟಲು ಒಂದು ಭುಜ ಬೇಕು ಅನ್ನೋದನ್ನು ಒಂದು ದಿನವೂ ಯೋಚಿಸಿದವಳಲ್ಲ. ಅವತ್ತಿಗೆ ನನ್ನ ಬಲಭುಜದ ಕೀಲು ಜಾರಿ ಏಳು ವಾರ ಆಗಿತ್ತು. ಕೀಲು ಕೂರಿಸಿ ಆಗಿತ್ತು, ನೋವು ಇಳಿದಿತ್ತು, ಕೊರಳಿಗೆ ಕಟ್ಟಿದ್ದ ಸ್ಲಿಂಗ್ ತೆಗೆದಾಗಿತ್ತು. ಎಲ್ಲ ಸರಿಹೋಯಿತು ಅಂತ ಮನೆಯವರು ಅಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಬಿದ್ದದ್ದು ಜುಲೈ ಎರಡನೇ ಭಾನುವಾರ, ತವರಿನಲ್ಲಿ. ನಮ್ಮ ತವರು ಸಕಲೇಶಪುರದ ಕಡೆ. ಆ ವಾರವಿಡೀ ಮಳೆ ಬಿಟ್ಟಿರಲಿಲ್ಲ. ಮಲೆನಾಡಿನ ಮಳೆ ಗೊತ್ತಿದ್ದವರಿಗೆ ಇದು ಗೊತ್ತಿರುತ್ತದೆ: ಕಲ್ಲಿನ ಮೇಲೆ ಕಾಲು ಜಾರಿಸೋದು ನೀರಿಗಿಂತ ಜಾಸ್ತಿ ಪಾಚಿ. ಬಚ್ಚಲ ಒಲೆಗೆ ಸೌದೆ ತರೋಣ ಅಂತ ಹಿತ್ತಲ ಮೆಟ್ಟಿಲು ಇಳಿಯುತ್ತಿದ್ದೆ. ಕಾಲು ಜಾರಿತು. ಹಿಂದಕ್ಕೆ ಬೀಳುವಾಗ ಬಲಗೈ ತಾನಾಗೇ ಹಿಂದೆ ಹೋಗಿ ನೆಲಕ್ಕೆ ಊರಿತು. ಮೈಭಾರವೆಲ್ಲ ಅದರ ಮೇಲೆ ಬಿತ್ತು.

ಎದ್ದು ಕೂತಾಗ ಕೈ ನನ್ನದಲ್ಲ ಅನ್ನಿಸಿತು. ಮೈಯಿಂದ ಸ್ವಲ್ಪ ದೂರಕ್ಕೆ ಚಾಚಿಕೊಂಡು ನಿಂತಿತ್ತು, ಹತ್ತಿರ ತರಲು ಆಗುತ್ತಿರಲಿಲ್ಲ. ಎಡಗೈಯಿಂದ ಮುಟ್ಟಿ ನೋಡಿದೆ. ಭುಜದ ಗುಂಡು ಇರಬೇಕಾದ ಜಾಗದಲ್ಲಿ ಬೆರಳು ಒಳಗೆ ಇಳಿಯಿತು. ಮುಂದುಗಡೆ, ಕಂಕುಳ ಮೇಲೆ, ಗಟ್ಟಿಯಾಗಿ ಏನೋ ಉಬ್ಬಿಕೊಂಡಿತ್ತು. ತೋಳಿನ ಮೂಳೆಯ ತಲೆ ಅದು. ಭುಜ ಜಾರಿದರೆ ನೂರಕ್ಕೆ ತೊಂಬತ್ತೈದರಷ್ಟು ಸಲ ಹೀಗೆ ಮುಂದಕ್ಕೇ ಜಾರುತ್ತದೆ ಅಂತ ಆಮೇಲೆ ತಿಳಿಯಿತು.

ಪಕ್ಕದ ಮನೆಯಿಂದ ದೊಡ್ಡಪ್ಪ ಓಡಿ ಬಂದರು. ಎಷ್ಟೋ ಜನರ ಉಳುಕು ತೆಗೆದ ಕೈ ಅವರದು. "ತಡ ಮಾಡಿದ್ರೆ ಬಾವು ಬರುತ್ತೆ ಮಗಾ, ಒಂದ್ಸಲ ಎಳೆದುಬಿಡ್ತೀನಿ, ಕೂತ್ಕೊಳುತ್ತೆ" ಎಂದರು. ಪ್ರೀತಿಯಿಂದಲೇ ಹೇಳಿದ್ದು. ಅಮ್ಮ ಮಾತ್ರ ನಡುವೆ ಬಂದು ನಿಂತಳು. "ಬ್ಯಾಡ ಬಾವ, ಮುಟ್ಬೇಡಿ. ಮೊದ್ಲು ಫೋಟೋ ತೆಗೆಸ್ಲಿ." ಅವಳಿಗೆ ಎಕ್ಸ್‌ರೇ ಅಂದರೆ ಫೋಟೋ. ಆ ಒಂದು ಮಾತಿಗೆ ನಾನು ಇವತ್ತಿಗೂ ಅಮ್ಮನಿಗೆ ಋಣಿ. ಕೀಲು ಜಾರುವಾಗ ಮೂಳೆ ಬಿರುಕು ಬಿಟ್ಟಿರಬಹುದು. ಗೊತ್ತಿಲ್ಲದೆ ಎಳೆದರೆ ಬಿರುಕು ಮುರಿತವಾಗಬಹುದು. ಕೀಲಿನ ಕೆಳಗೇ ಆಕ್ಸಿಲರಿ ಅನ್ನೋ ನರ ಸುತ್ತಿ ಹೋಗುತ್ತದೆ, ಅದು ಜಗ್ಗಿದರೆ ತೋಳು ಎತ್ತುವ ಸ್ನಾಯುವೇ ಸುಮ್ಮನಾಗಬಹುದು. ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಮಾಡಿದ್ದು ತೋಳಿನ ಹೊರಬದಿಗೆ ಹತ್ತಿ ಸೋಕಿಸಿ "ಗೊತ್ತಾಗ್ತಿದೆಯಾ?" ಅಂತ ಕೇಳಿದ್ದು. ಅಷ್ಟು ನೋವಿನಲ್ಲಿ ಇದೇನು ಹತ್ತಿ ಅನ್ನಿಸಿತ್ತು. ಆ ನರ ಚೆನ್ನಾಗಿದೆಯಾ ಅಂತ ನೋಡಿದ್ದರು.

ಜೀಪಿನಲ್ಲಿ ತೊಡೆ ಮೇಲೆ ದಿಂಬು, ದಿಂಬಿನ ಮೇಲೆ ಕೈ. ತಮ್ಮ ಎಷ್ಟು ನಿಧಾನ ಓಡಿಸಿದರೂ ಪ್ರತಿ ಗುಂಡಿಯೂ ಭುಜದಲ್ಲಿ ಗೊತ್ತಾಗುತ್ತಿತ್ತು. ಎಕ್ಸ್‌ರೇ ಆಯಿತು, ಮುರಿದಿರಲಿಲ್ಲ. ಮಂಪರಿನ ಇಂಜೆಕ್ಷನ್ ಕೊಟ್ಟರು. ಎದೆಯ ಸುತ್ತ ಒಂದು ಬೆಡ್‌ಶೀಟು ಸುತ್ತಿ ಒಬ್ಬರು ಆ ಕಡೆ ಹಿಡಿದರು. ಡಾಕ್ಟರ್ ಈ ಕಡೆ ಕೈ ಹಿಡಿದು ಒಂದೇ ಹದದಲ್ಲಿ, ಜಗ್ಗದೆ, ಬಿಡದೆ ಎಳೆದರು. ಒಳಗೆ ಏನೋ ಹೊರಳಿ ತನ್ನ ಜಾಗಕ್ಕೆ ಹೋಗಿ ಕೂತಂತೆ ಆಯಿತು. ಅರ್ಧ ನೋವು ಅಲ್ಲೇ ಹೋಯಿತು. ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸಿನ ಹಿಪೊಕ್ರೆಟಿಸ್ ಕಂಕುಳಿಗೆ ಹಿಮ್ಮಡಿ ಕೊಟ್ಟು ಕೈ ಎಳೆಯುವ ಕ್ರಮ ಹೇಳಿದ್ದನಂತೆ. ಸ್ವಿಟ್ಜರ್ಲೆಂಡಿನ ಕೋಕರ್ ಅನ್ನುವ ಸರ್ಜನ್ 1870ರಲ್ಲಿ ತೋಳನ್ನು ತಿರುಗಿಸಿ ಕೂರಿಸುವ ಇನ್ನೊಂದು ಕ್ರಮ ಬರೆದ. ಮನುಷ್ಯರು ಅಂದಿನಿಂದಲೂ ಹೀಗೇ ಬೀಳುತ್ತಿದ್ದಾರೆ, ಹೀಗೇ ಕೂರಿಸಿಕೊಳ್ಳುತ್ತಿದ್ದಾರೆ ಅನ್ನೋದನ್ನು ಓದಿದಾಗ ಯಾಕೋ ಸಮಾಧಾನವಾಯಿತು.

ಮತ್ತೊಂದು ಎಕ್ಸ್‌ರೇ, ಸ್ಲಿಂಗ್, ಮಾತ್ರೆ. ಚೀಟಿ ಕೊಡುತ್ತಾ ಹೇಳಿದ್ದು ಎರಡೇ ಮಾತು: "ಮೂರು ವಾರ ಕೈ ಅಲ್ಲಾಡಿಸ್ಬೇಡಿ. ಅಲ್ಲಾಡಿಸಿದ್ರೆ ಮತ್ತೆ ಜಾರುತ್ತೆ." ಮೂರು ವಾರ ಆದ ಮೇಲೆ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಫಿಸಿಯೋಥೆರಪಿ ಅನ್ನುವ ಪದ ಆ ಚೀಟಿಯಲ್ಲಿ ಇರಲಿಲ್ಲ. ಸಾಲಿನಲ್ಲಿ ಎಷ್ಟು ಜನ ಕಾಯುತ್ತಿದ್ದರು ಅಂತ ನನಗೂ ಗೊತ್ತು. ಆದರೂ ಆ ಒಂದು ಪದ ಬರೆದಿದ್ದರೆ ನನ್ನ ಎರಡು ಮೂರು ತಿಂಗಳು ಉಳಿಯುತ್ತಿದ್ದವು. ಇದನ್ನು ನಾನು ಹೇಳಲೇಬೇಕು.

"ಮತ್ತೆ ಜಾರುತ್ತೆ" ಅನ್ನೋದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮೂರು ವಾರ ಕಳೆಯಿತು. ಸ್ಲಿಂಗ್ ಬಿಚ್ಚಿದೆ. ಕೈ ತೂಗಿದಂತಾಯಿತು, ಹೆದರಿ ಮತ್ತೆ ಕಟ್ಟಿಕೊಂಡೆ. ಹೀಗೇ ಆರು ವಾರ. ಶಾಲೆಗೆ ಕೈ ಕಟ್ಟಿಕೊಂಡೇ ಹೋದೆ, ಕೂತು ಪಾಠ ಮಾಡಿದೆ, ಮಕ್ಕಳಿಂದಲೇ ಬೋರ್ಡಿನ ಮೇಲೆ ಬರೆಸಿದೆ. ರಾತ್ರಿ ತೋಳಿನ ಕೆಳಗೆ ದಿಂಬು ಇಟ್ಟುಕೊಂಡು ಅರೆಕೂತಂತೆ ಮಲಗುತ್ತಿದ್ದೆ. ಮಗಳು ಜಡೆ ಹಾಕುತ್ತಿದ್ದಳು. ಮಳೆಗಾಲದ ತೇವಕ್ಕೆ ಕಂಕುಳು ಬೆಂದು ಹೋಗಿತ್ತು. ಮೈಗೆ ಅಂಟಿಕೊಂಡ ಕೈಯ ಕೆಳಗೆ ಸೋಪು ಹೋಗುತ್ತಿರಲಿಲ್ಲ, ಗಾಳಿ ಹೋಗುತ್ತಿರಲಿಲ್ಲ. ಮುಂದಕ್ಕೆ ಬಾಗಿ ಕೈಯನ್ನು ಸುಮ್ನೆ ಇಳಿಬಿಟ್ಟರೆ ಕಂಕುಳು ತಾನಾಗಿ ಬಿಚ್ಚಿಕೊಳ್ಳುತ್ತದೆ ಅನ್ನೋ ಸಣ್ಣ ಉಪಾಯವೂ ಗೊತ್ತಿರಲಿಲ್ಲ. ಯಾರಾದರೂ ಈಗ ಸ್ಲಿಂಗ್ ಹಾಕಿಕೊಂಡು ಇದನ್ನು ಓದುತ್ತಿದ್ದರೆ, ನಿಮ್ಮ ಡಾಕ್ಟರನ್ನು ಒಮ್ಮೆ ಕೇಳಿಕೊಂಡು, ಸ್ನಾನಕ್ಕೆ ಹಾಗೆ ಮಾಡಿ.

ತ್ರಿಭುಜ ಬರೆಯಲಾಗದ ದಿನ ಸ್ಟಾಫ್ ರೂಮಿನಲ್ಲಿ ನಮ್ಮ ಪಿ.ಟಿ. ಮೇಷ್ಟ್ರು ನನ್ನನ್ನು ಗಮನಿಸಿದರು. "ಮೇಡಂ, ಫಿಸಿಯೋ ಹತ್ರ ಹೋಗ್ತಿದ್ದೀರಾ?" ಎಂದು ಕೇಳಿದರು. ಇಲ್ಲ ಎಂದೆ. ಅವರ ಮುಖ ಸಪ್ಪಗಾಯಿತು. ಅವತ್ತೇ ಸಂಜೆ ಹಾಸನದಲ್ಲಿ ಒಬ್ಬರ ಹತ್ತಿರ ಹೋದೆ. ನನಗಿಂತ ಹದಿನೈದು ವರ್ಷ ಚಿಕ್ಕವಳಾದ ಹುಡುಗಿ. ಮೊದಲ ದಿನ ಅವಳು ಕೈಯನ್ನು ಮುಟ್ಟುವ ಮೊದಲು ಅರ್ಧ ಗಂಟೆ ಮಾತಾಡಿದಳು. ಆ ಅರ್ಧ ಗಂಟೆಯಲ್ಲಿ ನನಗೆ ನನ್ನ ಭುಜ ಏನು ಅಂತ ತಿಳಿಯಿತು.

"ಮೇಡಂ, ಸ್ಕೂಲಲ್ಲಿ ನಿಂಬೆಹಣ್ಣು-ಚಮಚದ ಓಟ ಮಾಡಿಸ್ತೀರಲ್ವಾ? ಭುಜ ಅಂದ್ರೆ ಅದೇ." ಸೊಂಟದ ಕೀಲು ಆಳವಾದ ಬಟ್ಟಲಿನಲ್ಲಿ ಕೂತ ಚೆಂಡು, ಅಷ್ಟು ಸುಲಭಕ್ಕೆ ಆಚೆ ಬರೋದಿಲ್ಲ. ಭುಜದ ಗುಳಿ ಆಳವಿಲ್ಲದ ಚಮಚ. ತೋಳಿನ ಮೂಳೆಯ ತಲೆ ಅದರ ಮೇಲೆ ಕೂತ ನಿಂಬೆಹಣ್ಣು. ಆ ತಲೆಯ ಮೂರನೇ ಒಂದು ಭಾಗ ಕೂಡ ಒಂದು ಹೊತ್ತಿಗೆ ಗುಳಿಗೆ ತಾಗಿರೋದಿಲ್ಲ. ಗುಳಿಯ ಸುತ್ತ ಲೇಬ್ರಮ್ ಅಂತ ಒಂದು ಮೆತ್ತನೆಯ ಅಂಚು ಇರುತ್ತದೆ, ತಟ್ಟೆಗೆ ಅಂಚು ಇದ್ದ ಹಾಗೆ. ಜಾರುವಾಗ ಅದು ಕಿತ್ತುಬರಬಹುದು. ಮೇಲೆ ಚೀಲದ ಹಾಗೆ ಒಂದು ಪೊರೆ. ಅದರ ಮೇಲೆ ರೊಟೇಟರ್ ಕಫ್ ಅನ್ನುವ ನಾಲ್ಕು ಸ್ನಾಯುಗಳು, ಮುಂದಿನಿಂದ, ಮೇಲಿನಿಂದ, ಹಿಂದಿನಿಂದ ಆ ತಲೆಯನ್ನು ಗುಳಿಗೆ ಒತ್ತಿ ಹಿಡಿದಿರುತ್ತವೆ. ಇಷ್ಟು ಸಡಿಲವಾಗಿ ಇಟ್ಟಿದ್ದರಿಂದಲೇ ಕೈ ಎಲ್ಲ ಕಡೆ ತಿರುಗುತ್ತದೆ, ಮತ್ತೆ ಅದಕ್ಕೇ ಮೈಯಲ್ಲಿ ಅತಿ ಜಾಸ್ತಿ ಜಾರುವ ದೊಡ್ಡ ಕೀಲು ಇದು.

ಆ ಓಟವನ್ನು ಎಷ್ಟೋ ವರ್ಷ ಗೆರೆಯ ಪಕ್ಕ ನಿಂತು ನೋಡಿದ್ದೇನೆ. ಗೆಲ್ಲುವ ಮಗುವಿನ ಚಮಚ ಬೇರೆಯವರದಕ್ಕಿಂತ ಆಳವಾಗೇನೂ ಇರೋದಿಲ್ಲ. ಹಣ್ಣು ಒಂಚೂರು ಈ ಕಡೆ ವಾಲಿದರೆ ಆ ಮಗು ಚಮಚವನ್ನು ಒಂಚೂರು ಆ ಕಡೆ ವಾಲಿಸುತ್ತದೆ. ಹಣ್ಣನ್ನು ಹಿಡಿದಿರೋದು ಅದರ ಎಚ್ಚರ. ಭುಜವನ್ನು ಹಿಡಿದಿರುವ ಸ್ನಾಯುಗಳಿಗೂ ಅಂಥದ್ದೇ ಎಚ್ಚರ ಇರುತ್ತದೆ. ಬಿದ್ದಾಗ ಅದು ಕೆಡುತ್ತದೆ. ಆರು ವಾರ ಕಟ್ಟಿ ಇಟ್ಟರೆ ಮರೆತೇ ಹೋಗುತ್ತದೆ. ರೆಸ್ಟ್ ತಗೊಂಡರೆ ಅದು ವಾಪಸ್ ಬರೋದಿಲ್ಲ, ಕಲಿಸಬೇಕು. ಇಷ್ಟು ಅರ್ಥವಾದ ಮೇಲೆ ನನಗೆ ಆ ಕೈಯ ಮೇಲಿದ್ದ ಸಿಟ್ಟು ಹೋಯಿತು. ಕಲಿಸೋದು ನನ್ನ ಕೆಲಸ. ಮರೆತವರಿಗೆ ಮತ್ತೆ ಹೇಳಿಕೊಡೋದು ದಿನಾ ಮಾಡುವುದೇ.

ನನ್ನ ವಯಸ್ಸು 41. ಅದೂ ಲೆಕ್ಕಕ್ಕೆ ಬರುತ್ತದೆ ಎಂದಳು. ಹದಿಹರೆಯದಲ್ಲಿ ಭುಜ ಜಾರಿದರೆ ಅರ್ಧಕ್ಕಿಂತ ಜಾಸ್ತಿ ಜನರಿಗೆ ಮತ್ತೆ ಜಾರುತ್ತದೆ. ನಲವತ್ತು ದಾಟಿದವರಿಗೆ ಆ ಭಯ ಬಹಳ ಕಡಿಮೆ. ಅವರಿಗೆ ಬೇರೆ ಎರಡು ತೊಂದರೆ: ಕೀಲು ಬೇಗ ಬಿಗಿಯುತ್ತದೆ, ಮತ್ತೆ ಆ ನಾಲ್ಕು ಸ್ನಾಯುಗಳಲ್ಲಿ ಯಾವುದಾದರೂ ಹರಿದಿರಬಹುದು. ಕೈ ಎತ್ತಲು ಆಗದಿದ್ದರೆ ಮೊದಲು ಅದನ್ನೇ ನೋಡಬೇಕು. ಅಲ್ಟ್ರಾಸೌಂಡ್ ಮಾಡಿಸಿದೆವು. ಹರಿದಿರಲಿಲ್ಲ. ಬರೀ ಬಿಗಿತ. ಯಾವುದು ನನಗೆ ಅಷ್ಟಾಗಿ ಆಗುವಂಥದ್ದಲ್ಲವೋ ಅದಕ್ಕೆ ಹೆದರಿ, ಯಾವುದು ಖಂಡಿತ ಆಗುವಂಥದ್ದೋ ಅದನ್ನು ನಾನೇ ಆರು ವಾರ ಕಟ್ಟಿ ಬೆಳೆಸಿದ್ದೆ.

ಅವಳ ಹತ್ತಿರ ಎರಡು ಕಡ್ಡಿ ಇರುವ ಒಂದು ಕೋನಮಾಪಕ ಇತ್ತು. ನಮ್ಮ ಜಾಮಿಟ್ರಿ ಬಾಕ್ಸಿನದಕ್ಕೆ ಕೈಕಾಲು ಬಂದ ಹಾಗೆ. ಒಂದು ಕಡ್ಡಿ ಪಕ್ಕೆಗೆ, ಇನ್ನೊಂದು ತೋಳಿಗೆ ಇಟ್ಟು ಓದುತ್ತಾರೆ. ಮುಂದಕ್ಕೆ ಎತ್ತುವುದು 80 ಡಿಗ್ರಿ. ಮೊಣಕೈ ಪಕ್ಕೆಗೆ ಅಂಟಿಸಿ ಮುಂಗೈಯನ್ನು ಹೊರಕ್ಕೆ ತಿರುಗಿಸುವುದು ಬರೀ 10. ಮುಂದಕ್ಕೆ ಎತ್ತಿದರೆ ಒಳ್ಳೆಯ ಭುಜ 180ರ ಹತ್ತಿರ ಹೋಗಬೇಕು. ಲಂಬಕೋನ ಬರೆಸುವವಳ ಕೈಯೇ ಲಂಬಕೋನಕ್ಕೆ ಬರುತ್ತಿರಲಿಲ್ಲ. ಒಂದು ನೋಟ್ ಪುಸ್ತಕ ತಂದು ಸೆಪ್ಟೆಂಬರ್ 2, 80, 10 ಅಂತ ಬರೆದಿಟ್ಟೆ. ಆ ಪುಸ್ತಕ ಈಗಲೂ ದೇವರ ಗೂಡಿನ ಪಕ್ಕ ಇದೆ.

ಮೊದಲ ವ್ಯಾಯಾಮ ಲೋಲಕದ್ದು. ಎಡಗೈ ಮೇಜಿಗೆ ಊರಿ ಮುಂದೆ ಬಾಗಬೇಕು. ಬಲಗೈಯನ್ನು ಬಾವಿಗೆ ಇಳಿಬಿಟ್ಟ ಕೊಡದ ಹಾಗೆ ಬಿಡಬೇಕು. ಆಮೇಲೆ ಮೈ ತೂಗಬೇಕು, ಕೈ ತೂಗಬಾರದು. ಮೈ ತೂಗಿದ್ದಕ್ಕೆ ಕೈ ತಾನಾಗಿ ಸುತ್ತಬೇಕು. ಬೋಸ್ಟನ್ನಿನ ಕೋಡ್‌ಮನ್ ಅನ್ನುವ ಸರ್ಜನ್ ನೂರು ವರ್ಷದಷ್ಟು ಹಿಂದೆ ರೂಢಿಗೆ ತಂದಿದ್ದಂತೆ, ಅವನು 1934ರಲ್ಲಿ ಭುಜದ ಮೇಲೆ ಒಂದು ಇಡೀ ಪುಸ್ತಕವನ್ನೇ ಬರೆದ. ನೋಡಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಕೈಯನ್ನು ಪೂರ್ತಿ ಬಿಟ್ಟುಕೊಡಲು ನನಗೆ ನಾಲ್ಕು ದಿನ ಹಿಡಿಯಿತು. ಬಿಡು ಬಿಡು ಅಂದರೂ ಭುಜ ಬಿಗಿ ಹಿಡಿದೇ ಇರುತ್ತಿತ್ತು. ಐದನೇ ದಿನ ಬೆಳಗ್ಗೆ ಅದು ಬಿಟ್ಟುಕೊಂಡಿತು. ಕೈ ಭಾರವಾಗಿ ಇಳಿಯಿತು. ಎಷ್ಟು ಭಾರ ಇರುತ್ತದೆ ಒಂದು ಕೈ! ಅವತ್ತು ಅತ್ತುಬಿಟ್ಟೆ.

ಎರಡನೆಯದು ಕೋಲಿನದು. ನೆಲದ ಮೇಲೆ ಅಂಗಾತ ಮಲಗಿ, ಎರಡೂ ಕೈಯಲ್ಲಿ ಕೋಲು ಹಿಡಿದು, ಒಳ್ಳೆಯ ಕೈಯಿಂದ ಕೆಟ್ಟ ಕೈಯನ್ನು ತಲೆಯ ಕಡೆಗೆ ತಳ್ಳುವುದು. ಕ್ಲಿನಿಕ್ಕಿನಲ್ಲಿ ಅಲ್ಯುಮಿನಿಯಂ ಕೋಲು ಇತ್ತು. ಮನೆಯಲ್ಲಿ ಕಣ್ಣಿಗೆ ಬಿದ್ದದ್ದು ಮುದ್ದೆ ಕೋಲು. ವರ್ಷಗಟ್ಟಲೆ ರಾಗಿ ಹಿಟ್ಟು ತಿರುವಿ ನುಣುಪಾದ ಕೋಲು, ಹಿಡಿಯುವ ಕಡೆ ನನ್ನ ಕೈ ಅಚ್ಚೇ ಬಿದ್ದಂತಿದೆ. ಬಿದ್ದ ದಿನದಿಂದ ಅದನ್ನು ಮುಟ್ಟಿರಲಿಲ್ಲ. ಮುದ್ದೆ ತಿರುವುವುದಕ್ಕೆ ಭುಜ ಎಷ್ಟು ಬೇಕು ಅಂತ ತಿರುವಿದವರಿಗೇ ಗೊತ್ತು. ಬೆಳಗ್ಗೆ ಐದೂವರೆಗೆ ಚಾಪೆ ಹಾಕಿ, ಭುಜಕ್ಕೆ ಹತ್ತು ನಿಮಿಷ ಬಿಸಿನೀರಿನ ಚೀಲ ಇಟ್ಟು, ಆ ಕೋಲು ಹಿಡಿದು ಮಲಗುತ್ತಿದ್ದೆ. ಕಣ್ಣಿನ ಮಟ್ಟ. ಹಣೆಯ ಮಟ್ಟ. ಒಂದು ಕಡೆ ಗಟ್ಟಿಯಾಗಿ ನಿಲ್ಲುತ್ತದೆ, ಬಾಗಿಲು ಚಿಲಕಕ್ಕೆ ಸಿಕ್ಕಿದ ಹಾಗೆ. ಅಲ್ಲಿ ಜಗ್ಗಬಾರದು, ಮೂವತ್ತು ಎಣಿಸುವ ತನಕ ಕಾಯಬೇಕು. ಕಾದರೆ ಒಂದು ಕೂದಲೆಳೆಯಷ್ಟು ಮುಂದೆ ಹೋಗುತ್ತದೆ. ಗೋಡೆಗೆ ಮುಂಗೈ ಒತ್ತಿ ಹಿಡಿಯುವುದು, ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸುವುದು, ಇವು ಸಂಜೆಗೆ.

ನೋವಿನ ಲೆಕ್ಕ ಅವಳು ಹೇಳಿದ್ದು ಹೀಗೆ: ಮಾಡುವಾಗ ಎಳೆದಂತಾದರೆ ಪರವಾಗಿಲ್ಲ. ಒಂದು ಗಂಟೆಯೊಳಗೆ ಇಳಿಯಬೇಕು. ರಾತ್ರಿ ನಿದ್ದೆ ಕೆಟ್ಟರೆ ಅವತ್ತು ಜಾಸ್ತಿ ಆಯಿತು ಅಂತ, ಮಾರನೇ ದಿನ ಕಡಿಮೆ ಮಾಡಬೇಕು, ಬಿಡಬಾರದು. ಈ ಲೆಕ್ಕ ನನಗೆ ಬಹಳ ಉಪಯೋಗಕ್ಕೆ ಬಂತು. ಅಲ್ಲಿಯ ತನಕ ನೋವು ಅಂದರೆ ನಿಲ್ಲಿಸು ಅನ್ನೋ ಒಂದೇ ಅರ್ಥ ಗೊತ್ತಿದ್ದದ್ದು.

"ಗೋಡೆ ಹತ್ರ ನಿಂತು ಅಷ್ಟೊತ್ತು ಯಾಕವ್ವ, ಮನೆ ಕೆಲಸ ಮಾಡಿದ್ರೆ ಅದೇ ವ್ಯಾಯಾಮ ಅಲ್ವಾ?" ಎಂದು ಅತ್ತೆಯವರು ಕೇಳಿದರು. ಅವರು ಕೊಂಕಿಗೆ ಕೇಳಿದ್ದಲ್ಲ, ಅವರ ಕಾಲದಲ್ಲಿ ಹಾಗೇ ಸರಿಹೋಗಿದ್ದನ್ನು ನೋಡಿದವರು. ನಾನೂ ಎರಡು ವಾರ ಅದನ್ನೇ ಯೋಚಿಸಿ, ಗಮನ ಇಟ್ಟು ನೋಡಿದೆ. ಮನೆ ಕೆಲಸವೆಲ್ಲ ಎದೆಯಿಂದ ಕೆಳಗೇ ನಡೆಯುತ್ತದೆ. ಹೆಚ್ಚುವುದು, ತುರಿಯುವುದು, ಒರೆಸುವುದು, ಪಾತ್ರೆ ಉಜ್ಜುವುದು. ಎಲ್ಲದರಲ್ಲೂ ಕೈ ಮುಂದೆ, ಕೆಳಗೆ. ಅದರ ಮೇಲೆ ಗಟ್ಟಿ ಸ್ನಾಯುಗಳು ಸೋತ ಸ್ನಾಯುಗಳ ಕೆಲಸವನ್ನೂ ತಾವೇ ಮಾಡಿಬಿಡುತ್ತವೆ. ಡಬ್ಬ ಮೇಲಿನ ಗೂಡಿನಲ್ಲಿದ್ದರೆ ಕತ್ತು, ಸೊಂಟ, ಹಿಮ್ಮಡಿ ಎಲ್ಲ ಸೇರಿ ಭುಜದ ಬದಲು ಏಳುತ್ತವೆ. ಮೈಗೆ ಡಬ್ಬ ಸಿಕ್ಕಿದರೆ ಸಾಕು, ಯಾರು ತಂದರು ಅನ್ನೋದು ಬೇಡ. ಹೀಗೆ ಎಷ್ಟು ಜನ ಹೆಂಗಸರು ಅರ್ಧ ಕೈಯಲ್ಲೇ ಇಡೀ ಮನೆ ನಡೆಸುತ್ತಿದ್ದಾರೋ ಅನ್ನಿಸಿ ಹೊಟ್ಟೆ ಉರಿಯುತ್ತದೆ. ಅವರಿಗೆ ಅರ್ಧ ಗಂಟೆ ಗೋಡೆಯ ಹತ್ತಿರ ನಿಲ್ಲಲು ಬಿಡಬೇಕು. ನಮ್ಮ ಅತ್ತೆಯವರು ಬಿಟ್ಟರು. ಆಮೇಲೆ ಬಿಸಿನೀರಿನ ಚೀಲ ತುಂಬಿಸಿ ಇಡುತ್ತಿದ್ದವರೂ ಅವರೇ.

ಕ್ಲಿನಿಕ್ಕಿನಲ್ಲಿ ಆ ಹುಡುಗಿ ನನ್ನ ಬೆನ್ನಿನ ಹಲಗೆ ಮೂಳೆಯ ಮೇಲೆ ಅಂಗೈ ಇಟ್ಟುಕೊಂಡು ನಿಲ್ಲುತ್ತಿದ್ದಳು. "ಭುಜ ಕಿವಿಗೆ ಬರ್ತಿದೆ ಮೇಡಂ, ಕೆಳಗಿಳಿಸಿ, ಈಗ ಎತ್ತಿ." ಕೈ ಪೂರ್ತಿ ಏಳುವಾಗ ಸುಮಾರು ಮೂರರಲ್ಲಿ ಎರಡು ಪಾಲು ಭುಜದ ಕೀಲಿನಿಂದ, ಒಂದು ಪಾಲು ಆ ಹಲಗೆ ತಿರುಗುವುದರಿಂದ ಬರುತ್ತದೆ. ನನ್ನಲ್ಲಿ ಹಲಗೆಯೇ ಎಲ್ಲ ಮಾಡಲು ನೋಡುತ್ತಿತ್ತು. ದಸರಾ ರಜೆಗೆ 120 ಡಿಗ್ರಿ. ಆಮೇಲೆ ರಬ್ಬರ್ ಬ್ಯಾಂಡು ಬಂತು. ಕಂಕುಳಲ್ಲಿ ಟವೆಲ್ ಸುರುಳಿ ಇಟ್ಟು, ಮೊಣಕೈ ಪಕ್ಕೆ ಬಿಡದಂತೆ, ಮುಂಗೈಯನ್ನು ಬಾಗಿಲು ತೆರೆದ ಹಾಗೆ ಹೊರಕ್ಕೆ ಎಳೆಯುವುದು. ಹಳದಿ ಬ್ಯಾಂಡು ಸಡಿಲ, ಕೆಂಪು ಬಿಗಿ, ಹಸಿರು ಇನ್ನೂ ಬಿಗಿ. ಬ್ಯಾಂಡು ಕಿತ್ತುಹೋದಾಗ ಪಿ.ಟಿ. ಮೇಷ್ಟ್ರು ಹಳೆಯ ಸೈಕಲ್ ಟ್ಯೂಬು ಸೀಳಿ ಕೊಟ್ಟರು. ಅದು ಇನ್ನೂ ಕಿತ್ತಿಲ್ಲ.

ಡಿಗ್ರಿ ಬಂತು, ಬಲ ಬಂತು. ಬಾರದೆ ಉಳಿದದ್ದು ಒಂದು, ನಂಬಿಕೆ.

ಹಾಸನದಿಂದ ಹಳೇಬೀಡಿನ ಕಡೆಗೆ ದಿನಾ ಬಸ್ಸಿನಲ್ಲಿ ಹೋಗುತ್ತೇನೆ. ಬೆಳಗಿನ ಬಸ್ಸಿನಲ್ಲಿ ಸೀಟು ಸಿಗೋದು ಕಡಿಮೆ. ಮೇಲಿನ ಸರಳು ಹಿಡಿಯಬೇಕು. ಕೈ ಪಕ್ಕಕ್ಕೆ ಎದ್ದು ಹೊರಕ್ಕೆ ತಿರುಗಿ, ಮೇಲಿಂದ ಬ್ರೇಕಿನ ಜಗ್ಗು, ಭುಜ ಮುಂದಕ್ಕೆ ಜಾರಲು ಇದೇ ಸರಿಯಾದ ಭಂಗಿ. ಕಲ್ಲೆಸೆಯಲು ಕೈ ಹಿಂದೆ ತೆಗೆದಾಗ, ಜಡೆ ಹಾಕಲು ಕೈ ತಲೆಯ ಹಿಂದೆ ಹೋದಾಗಲೂ ಅದೇ ಭಂಗಿ. ಮೊದಲ ಮೂರು ತಿಂಗಳು ಆ ಕೈಯಿಂದ ಸರಳು ಮುಟ್ಟಲೇಬೇಡಿ ಎಂದಿದ್ದಳು. ನವೆಂಬರಿನಲ್ಲಿ ಮುಟ್ಟಬಹುದು ಎಂದಳು. ಆಗಲಿಲ್ಲ. ಕೈ ಅಲ್ಲಿಯವರೆಗೆ ಹೋಗುತ್ತಿತ್ತು. ಬೆರಳು ಸರಳಿನ ತಂಪಿಗೆ ತಾಗಿದ ಕೂಡಲೇ ಭುಜದೊಳಗೆ ಏನೋ ಹೊರಡಲು ಎದ್ದು ನಿಂತಂತೆ ಆಗುತ್ತಿತ್ತು. ನೋವಿಲ್ಲ. ಬರೀ ಆ ಭಾವ. ಎದೆ ಹೊಡೆದುಕೊಳ್ಳುತ್ತಿತ್ತು, ಕೈ ತಾನಾಗಿ ಕೆಳಗೆ ಬರುತ್ತಿತ್ತು. ಇದು ಬಹಳ ಜನರಿಗೆ ಆಗುತ್ತದೆ, ಡಾಕ್ಟರುಗಳು ಆ ಭಂಗಿಯಲ್ಲಿ ಕೈ ಇಟ್ಟು ಇದೇ ಭಯ ಬರುತ್ತದಾ ಅಂತ ಪರೀಕ್ಷೆ ಮಾಡುತ್ತಾರೆ ಎಂದು ಆ ಹುಡುಗಿ ಹೇಳಿದಾಗ ಎಷ್ಟು ಹಗುರಾಯಿತು ಅಂದರೆ ಹೇಳಲಾರೆ. ನನ್ನ ಪುಕ್ಕಲುತನ ಅಂತಲೇ ಅಂದುಕೊಂಡಿದ್ದೆ.

ಅದಕ್ಕೂ ಕ್ರಮ ಇತ್ತು. ಗೋಡೆಗೆ ಅಂಗೈಯಲ್ಲಿ ಒಂದು ಚೆಂಡು ಒತ್ತಿ ಹಿಡಿದು ಸಣ್ಣ ಸಣ್ಣ ಸೊನ್ನೆ ಸುತ್ತುವುದು. ಕಣ್ಣು ಮುಚ್ಚಿ ಕೈ ಎತ್ತಿ, ಎಲ್ಲಿದೆ ಅಂತ ಮನಸ್ಸಿನಲ್ಲೇ ಹೇಳಿ, ಕಣ್ಣು ಬಿಟ್ಟು ನೋಡುವುದು. ಮೊದಮೊದಲು ಗೇಣುದ್ದ ತಪ್ಪುತ್ತಿತ್ತು. ಆಮೇಲೆ ಬೆರಳಷ್ಟು. ಡಿಸೆಂಬರಿನಲ್ಲಿ ಮಕ್ಕಳನ್ನು ಬೇಲೂರಿಗೆ ಕರೆದುಕೊಂಡು ಹೋಗಿದ್ದೆವು. 1117ರ ಗುಡಿ, ನೂರು ಸಲ ನೋಡಿದ್ದು. ಆ ಸಲ ಮದನಿಕೆಯರ ಭುಜ ಬಿಟ್ಟು ಬೇರೇನೂ ಕಾಣಲಿಲ್ಲ. ತಲೆಯ ಮೇಲೆ ಕೈ ಎತ್ತಿ ಕುಣಿಯುವವಳ ಭುಜ ಕಿವಿಗೆ ಅಂಟಿಲ್ಲ. ಕೆಳಗಿಳಿದು, ಸಡಿಲವಾಗಿ, ತನ್ನ ಜಾಗದಲ್ಲೇ ಇದೆ. ಕೆತ್ತಿದವನು ಎಂಥ ಕಣ್ಣಿಟ್ಟು ಮನುಷ್ಯರ ಕೈ ನೋಡಿದ್ದನೋ! ಕಂಬದ ಮರೆಯಲ್ಲಿ ನಿಂತು ನಾನೂ ಒಂದು ಸಲ ಹಾಗೆ ಎತ್ತಿ ನೋಡಿದೆ. 150ರ ಹತ್ತಿರ.

ಈ ನಡುವೆ ನಮ್ಮ ಶಾಲೆಯ ಒಬ್ಬ ಹುಡುಗ. ಅದೇ ಹತ್ತನೇ ಕ್ಲಾಸು, ಕಬಡ್ಡಿಯಲ್ಲಿ ರೈಡರ್. ಸೆಪ್ಟೆಂಬರಿನ ಪಂದ್ಯದಲ್ಲಿ ಗೆರೆ ಮುಟ್ಟಲು ಕೈ ಚಾಚಿದಾಗ ಮೇಲಿಂದ ನಾಲ್ಕು ಜನ ಬಿದ್ದು ಅವನ ಎಡಭುಜ ಜಾರಿತು. ಕೂರಿಸಿದರು. ನಾಲ್ಕನೇ ದಿನಕ್ಕೆ ಸ್ಲಿಂಗ್ ಬ್ಯಾಗಿನೊಳಗೆ ಇತ್ತು. "ನೋವೇ ಇಲ್ಲ ಮೇಡಂ" ಅನ್ನುತ್ತಿದ್ದ. ಕೈ ಪೂರ್ತಿ ಏಳುತ್ತಿತ್ತು, ನನಗೆ ತಿಂಗಳು ಹಿಡಿದದ್ದು ಅವನಿಗೆ ವಾರದಲ್ಲಿ ಬಂದಿತ್ತು. ನೋಡಿ ಖುಷಿಪಟ್ಟೆ. ಅಲ್ಲಿ ನಾನು ತಪ್ಪು ಮಾಡಿದೆ. ಬಿಗಿತ ಇಲ್ಲ ಅಂದ ಮಾತ್ರಕ್ಕೆ ಎಚ್ಚರ ವಾಪಸ್ ಬಂದಿದೆ ಅಂತ ಅರ್ಥ ಅಲ್ಲ, ಅದು ನನಗೇ ಗೊತ್ತಿರಬೇಕಿತ್ತು. ಡಿಸೆಂಬರಿನಲ್ಲಿ ಮನೆಯ ಅಟ್ಟದಿಂದ ಚೀಲ ಇಳಿಸುವಾಗ ಮತ್ತೆ ಜಾರಿತು. ಜನವರಿಯಲ್ಲಿ ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ ಮೂರನೇ ಸಲ.

ಎಂ.ಆರ್.ಐ. ಮಾಡಿಸಿದಾಗ ಗುಳಿಯ ಮುಂದಿನ ಅಂಚು ಕಿತ್ತುಬಂದಿದ್ದು ಕಂಡಿತು. 1923ರಲ್ಲಿ ಇದನ್ನು ವಿವರಿಸಿ ಬರೆದ ಇಂಗ್ಲೆಂಡಿನ ಸರ್ಜನ್ ಹೆಸರಿನಲ್ಲಿ ಬ್ಯಾಂಕಾರ್ಟ್ ಗಾಯ ಅನ್ನುತ್ತಾರೆ. ಇಷ್ಟು ಚಿಕ್ಕ ವಯಸ್ಸಿನಲ್ಲಿ, ಇಂಥ ಆಟದಲ್ಲಿ, ಮೂರು ಸಲ ಜಾರಿದ ಮೇಲೆ ಬರೀ ವ್ಯಾಯಾಮ ಸಾಕಾಗೋದಿಲ್ಲ, ಸಣ್ಣ ತೂತಿನ ಮೂಲಕ ಆ ಅಂಚನ್ನು ಮೂಳೆಗೆ ಹೊಲಿಯಬೇಕು ಎಂದಿದ್ದಾರೆ. ಅವನ ಅಪ್ಪ ಶುಂಠಿ ಬೆಳೆಯುವವರು. ಶಾಲೆಗೆ ಬಂದು, "ಆಪರೇಸನ್ ಆದ್ರೆ ಹುಡ್ಗ ಸರಿ ಹೋಯ್ತಾನಾ ಮೇಡಂ?" ಎಂದು ಕೇಳಿದರು. ಆಪರೇಷನ್ ಆದ ಮೇಲೂ ಕೆಲವು ವಾರ ಸ್ಲಿಂಗ್, ಆಮೇಲೆ ತಿಂಗಳುಗಟ್ಟಲೆ ನಾನು ಮಾಡಿದ್ದೆಲ್ಲ ಅವನೂ ಮಾಡಬೇಕು, ಕಬಡ್ಡಿಗೆ ಸುಮಾರು ಆರು ತಿಂಗಳು ಕಾಯಬೇಕು, ಈ ಸಲ ನೋವಿಲ್ಲ ಅಂತ ಬಿಡಿಸಬೇಡಿ ಅಂತ ಅವರಿಗೆ ಕೂರಿಸಿ ಹೇಳಿದೆ. ನನಗೆ ಯಾರೂ ಹೇಳದೆ ಇದ್ದದ್ದು ಅದು.

ಹುಡುಗನಿಗೆ ಒಂದೇ ಚಿಂತೆ, ಮತ್ತೆ ಆಡಲು ಆಗುತ್ತಾ. ಅವನಿಗೆ ಜಾವಗಲ್ ಶ್ರೀನಾಥ್ ಕಥೆ ಹೇಳಿದೆ. ನಮ್ಮ ಶಾಲೆಯಿಂದ ಜಾವಗಲ್ ದೂರವೇನಲ್ಲ. ಆ ಊರಿನ ಹೆಸರು ಹೊತ್ತ ಬೌಲರ್ ಅಂತ ಗೊತ್ತು, ಮ್ಯಾಚ್ ರೆಫ್ರಿ ಆಗಿ ಟಿವಿಯಲ್ಲಿ ನೋಡಿದ್ದಾನೆ, ಅಷ್ಟೇ. ಶ್ರೀನಾಥ್‌ಗೆ 1997ರಲ್ಲಿ ಬೌಲಿಂಗ್ ಭುಜದ ರೊಟೇಟರ್ ಕಫ್ ಕೆಟ್ಟು ಆಪರೇಷನ್ ಆಗಿತ್ತು. ಇವನ ಹಾಗೆ ಕೀಲು ಜಾರಿದ್ದಲ್ಲ, ಆದರೆ ಅದೇ ಭುಜ, ಅದೇ ನಾಲ್ಕು ಸ್ನಾಯು. 1999ರಲ್ಲಿ ಕೋಲ್ಕತ್ತಾದಲ್ಲಿ ಪಾಕಿಸ್ತಾನದ ಎದುರು ಒಂದೇ ಟೆಸ್ಟಿನಲ್ಲಿ 13 ವಿಕೆಟ್ ತೆಗೆದರು. "ಆ ಭುಜದಲ್ಲೇನಾ?" ಎಂದ. ಆ ಭುಜದಲ್ಲೇ. ಅವನು ತನ್ನ ಎಡಭುಜವನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

ಮಾರ್ಚಿನಲ್ಲಿ ಅವನ ಎಸ್‌ಎಸ್‌ಎಲ್‌ಸಿ. ಪರೀಕ್ಷೆ ಮುಗಿದ ಮೇಲೆ ಆಪರೇಷನ್. ಅಲ್ಲಿಯ ತನಕ ಸ್ನಾಯು ಸೋಲಬಾರದು ಅಂತ ಫಿಸಿಯೋ ಅವನಿಗೆ ಕೆಲವು ವ್ಯಾಯಾಮ ಕೊಟ್ಟಿದ್ದಾಳೆ. ಮಧ್ಯಾಹ್ನ ಊಟದ ಬೆಲ್ ಆದ ಮೇಲೆ ಇಬ್ಬರೂ ಹಿಂದಿನ ಜಗಲಿಗೆ ಹೋಗುತ್ತೇವೆ. ಅವನು ಎಡಗೈ, ನಾನು ಬಲಗೈ. ನನ್ನದು ಈಗ 165. ಬಸ್ಸಿನ ಸರಳು ಹಿಡಿಯುತ್ತೇನೆ, ಕೆಲವು ದಿನ. ಜಡೆ ನಾನೇ ಹಾಕಿಕೊಳ್ಳುತ್ತೇನೆ. ಬೋರ್ಡಿನ ತುದಿಯಲ್ಲಿ ತಾರೀಖು ಬರೆಯಲು ಇನ್ನೂ ತುದಿಗಾಲಲ್ಲಿ ನಿಲ್ಲಬೇಕು.

ನಿನ್ನೆ ನನ್ನ ಸೈಕಲ್ ಟ್ಯೂಬಿನಲ್ಲಿ ಅರ್ಧ ಕತ್ತರಿಸಿ ಅವನಿಗೆ ಕೊಟ್ಟೆ. ಕಿಟಕಿಯ ಸರಳಿಗೆ ಕಟ್ಟಿ, ಕಂಕುಳಲ್ಲಿ ಕರವಸ್ತ್ರ ಮಡಿಸಿ ಇಟ್ಟುಕೊಂಡ. ಎಳೆದ. "ಭುಜ ಕಿವಿಗೆ ಬರ್ತಿದೆ ಕಣೋ, ಇಳಿಸು" ಎಂದೆ. ಇಳಿಸಿದ. ಮತ್ತೆ ಎಳೆದ, ನಿಧಾನಕ್ಕೆ. ನಾನು ಎಣಿಸುತ್ತಾ ನಿಂತೆ.